ಗೃಹಸ್ಥರೊಡನೆ ಎರಡು ಮಾತು: ಆಚಂದ್ರಾರ್ಕದ ಲೆಕ್ಕ



ಕಳೆದ ಶ್ರಾವಣಮಾಸದ ಒಂದು ಸಾಯಂಕಾಲ ನಾನು ಮನೆಯ ಕಟ್ಟೆಯ ಮೇಲೆ ಕುಳಿತಿರುವಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಾಗದದ ಕಟ್ಟೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಂದನು. ಸವದತ್ತಿಯಿಂದ ಎರಡು ಹರದಾರಿಯ ಹಳ್ಳಿಯಲ್ಲಿ ಅವನಿಗೆ ಏಳು ಎಕರೆ ಎರಿಭೂಮಿ ಇರುವದು. ಜೋಳ, ಕಡಲೆ, ಹತ್ತಿಗಳನ್ನು ಬೆಳೆದು ಸಂಸಾರ ಸಾಗಿಸುವನು. ಕುಶಲಪ್ರಶ್ನೆಗಳಾದ ಬಳಿಕ ಅವನು, "ಗುರುಗಳ, ಇದರಾಗ ಏನ ಬರದೈತಿ ನೋಡಿ ಹೇಳ್ರಿ. ಬದುವಿನ ಮ್ಯಾಲೆ ಗಿಡಾ ಹಚ್ಚಿದ್ರ, ಗಿಡಾ ನಮಗ, ಅದು ಕುಡದ ಗಾಳಿಗೆ ರೊಕ್ಕಾ ಅವರು ಕೊಡತಾರಂತ. ನಲವತ್ತು ವರ್ಷದ ಕರಾರು. ಸಹಿ ಮಾಡಲ್ಯೋ ಬ್ಯಾಡೋ?" ಎಂದು ಕೇಳಿದನು.

ಕಾಗದವೆಲ್ಲ ಇಂಗ್ಲಿಷಿನಲ್ಲಿದ್ದಿತು. ನಾನು ಸಂಸ್ಕೃತದ ಮಾಸ್ತರನು. ಇಂಥ ವ್ಯವಹಾರದಲ್ಲಿ ನುರಿತವನಲ್ಲ. ಆದರೂ ಶಿಷ್ಯನು ನಂಬಿ ತಂದ ಕಾಗದವನ್ನು ಓದದೆ ತಿರುಗಿ ಕೊಡುವದು ಗುರುವಿಗೆ ಒಪ್ಪತಕ್ಕ ಮಾತಲ್ಲ. ಅದರೊಳಗಿನ ಒಂದೇ ಶಬ್ದವು ನನ್ನನ್ನು ಎರಡು ತಿಂಗಳು ಓದಿಗೆ ಹಚ್ಚಿತು. ಆ ಶಬ್ದದ ಅರ್ಥವು 'ಶಾಶ್ವತತೆ' ಎಂದಾಗುವದು. ಗಾಳಿಯಲ್ಲಿಯ ಇಂಗಾಲವನ್ನು ಗಿಡದಲ್ಲಿ ಹಿಡಿದಿಟ್ಟೆವೆಂದು ಹಣ ತೆಗೆದುಕೊಂಡ ಮೇಲೆ, ಅದು ಅಲ್ಲಿ ಎಷ್ಟು ಕಾಲ ಉಳಿಯಬೇಕು, ಉಳಿಯದಿದ್ದರೆ ನಷ್ಟವು ಯಾರ ಪಾಲಿಗೆ ಬರಬೇಕು ಎಂಬ ಪ್ರಶ್ನೆಯಿದು. ಇಂಥ ಕಾಗದವು ನಾಳೆ ವಾಚಕರಲ್ಲಿ ಯಾರ ಮನೆಬಾಗಿಲಿಗಾದರೂ ಬರಬಹುದಾದುದರಿಂದ, ನಾನು ತಿಳಿದುಕೊಂಡಷ್ಟನ್ನು ಈ ತಿಂಗಳ ಮಾತಿನಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಈ ವ್ಯಾಪಾರದ ಸ್ವರೂಪವನ್ನು ನೋಡೋಣ. 'ಅಂಗಾರ'ವೆಂಬ ಸಂಸ್ಕೃತ ಶಬ್ದವು ಪ್ರಾಕೃತದಲ್ಲಿ 'ಇಂಗಾಲ'ವಾಯಿತು. ಒಲೆಯ ಕೆಂಡವೂ, ಇದ್ದಲಿಯೂ, ಕಲ್ಲಿದ್ದಲೂ, ಗಿಡದ ಕಟ್ಟಿಗೆಯೂ ಬಹ್ವಂಶ ಇದೇ ವಸ್ತುವಿನಿಂದ ಆದವುಗಳು. ಇದು ಉರಿದಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಎಂಬ ವಾಯುವಾಗುವದು. ಯಂತ್ರಯುಗಕ್ಕೆ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ವಾಯುವು ಸುಮಾರು 280 ಪಾಲು ಇದ್ದಿತು. 2024ನೆಯ ಇಸವಿಯಲ್ಲಿ ಅದು 420ನ್ನು ದಾಟಿರುವದು. ಇದರಿಂದ ಭೂಮಿಯ ತಾಪವು ಏರುತ್ತಿರುವದೆಂಬದನ್ನು ಈಗ ಶಾಲೆಯ ಹುಡುಗರೂ ಬಲ್ಲರು.

ಹೊಗೆಯನ್ನು ಬಿಡದೆ ಇರಲಾರದ ಕಾರಖಾನೆಯು, ತಾನು ಬಿಟ್ಟ ಒಂದು ಟನ್ನು ವಾಯುವಿಗೆ ಬದಲಾಗಿ ಬೇರೊಬ್ಬರಿಂದ ಒಂದು ಟನ್ನನ್ನು ತಡೆಯಿಸಿದರೆ ಅಥವಾ ಹೀರಿಸಿದರೆ, ಲೆಕ್ಕವು ಸರಿಹೋಗುವದೆಂಬದೇ ಈ ಪೇಟೆಯ ಮೂಲಕಲ್ಪನೆ. ಹಾಗೆ ತಡೆದ ಅಥವಾ ಹೀರಿದ ಒಂದು ಟನ್ನಿಗೆ ಒಂದು ಚೀಟಿ. ಅದನ್ನು ಕಾರ್ಬನ್ ಕ್ರೆಡಿಟ್ ಎನ್ನುವರು, ನಾವು ಇಂಗಾಲದ ಜಮೆಯೆನ್ನೋಣ. ಒಣಗಿದ ಕಟ್ಟಿಗೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕವು ಇಂಗಾಲವೇ ಆಗಿರುವದು. ಅದನ್ನು ವಾಯುವಿನ ತೂಕಕ್ಕೆ ತರಬೇಕಾದರೆ 44ರಿಂದ ಗುಣಿಸಿ 12ರಿಂದ ಭಾಗಿಸಬೇಕು. ಹೀಗಾಗಿ ಒಣತೂಕದಲ್ಲಿ ಒಂದು ಟನ್ನು ತೂಗುವ ಮರವು ಸುಮಾರು 1.83 ಟನ್ನು ವಾಯುವನ್ನು ತನ್ನ ಮೈಯಲ್ಲಿ ಕಟ್ಟಿಟ್ಟಿರುವದು. ಇಷ್ಟು ಗಣಿತವು ಸುಲಭ. ತೊಡಕು ಬರುವದು ಮುಂದೆ.

ನಮ್ಮ ಸವದತ್ತಿಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಯಲ್ಲಮ್ಮನ ಜಾತ್ರೆಗೆ ಬಂದವರೆಲ್ಲರೂ ನೋಡಿರುವರು. ಅವು ವಿದ್ಯುತ್ತನ್ನು ಕೊಟ್ಟಷ್ಟು ಕಲ್ಲಿದ್ದಲು ಉರಿಯುವದು ತಪ್ಪುವದು. ನಾಳೆ ಆ ಯಂತ್ರವು ಮುರಿದು ಬಿದ್ದಿತೆನ್ನೋಣ. ಮುಂದಿನ ಉಳಿತಾಯವು ನಿಲ್ಲುವದೇ ಹೊರತು ಹಿಂದೆ ಉಳಿದದ್ದು ಹೋಗುವದಿಲ್ಲ. ಹಾಗೆಯೇ ಬಾಗೇಪಲ್ಲಿಯ ಸುತ್ತಣ ಹಳ್ಳಿಗಳಲ್ಲಿ, ಆಗ ಅದು ಕೋಲಾರ ಜಿಲ್ಲೆಗೆ ಸೇರಿದ್ದಿತು, 5,500 ಮನೆಗಳಿಗೆ ಗೋಬರ್ ಗ್ಯಾಸಿನ ಒಲೆಗಳನ್ನು ಕಟ್ಟಿಕೊಡುವ ಯೋಜನೆಯೊಂದು 2005ರಲ್ಲಿ ವಿಶ್ವಸಂಸ್ಥೆಯ ದಫ್ತರದಲ್ಲಿ ನೋಂದಾಯಿತವಾಯಿತು. ಆ ಮನೆಯ ತಾಯಂದಿರು ಸೆಗಣಿಯ ಅನಿಲದಿಂದ ರೊಟ್ಟಿ ಬೇಯಿಸಿದ ದಿನ ಉರಿಯದೆ ಉಳಿದ ಸೀಮೆಎಣ್ಣೆಯು, ಮರುದಿನ ಒಲೆ ಕೆಟ್ಟರೂ ಆ ದಿನದ ಮಟ್ಟಿಗೆ ಉಳಿದದ್ದೇ ಸರಿ. ಇಂಥ ಜಮೆಯು ಒಮ್ಮೆ ಆದರೆ ಆಯಿತು.

ಗಿಡದ ಮಾತು ಹಾಗಲ್ಲ. ಮೂವತ್ತು ವರ್ಷ ಹೀರಿದ್ದನ್ನೆಲ್ಲ ಅದು ಒಂದು ಮಧ್ಯಾಹ್ನದ ಬೆಂಕಿಯಲ್ಲಿ ಗಾಳಿಗೆ ತಿರುಗಿ ಒಪ್ಪಿಸಬಲ್ಲದು. 2019ರ ಫೆಬ್ರುವರಿಯಲ್ಲಿ ನಮ್ಮ ಬಂಡೀಪುರದ ಕಾಡಿನಲ್ಲಿ ಬಿದ್ದ ಬೆಂಕಿಯು ಕೆಲವೇ ದಿನಗಳಲ್ಲಿ ಹತ್ತು ಸಾವಿರ ಎಕರೆಗಳಷ್ಟನ್ನು ಸುಟ್ಟದ್ದು ವಾಚಕರ ನೆನಪಿನಲ್ಲಿರಬಹುದು. ಬೆಂಕಿಯಲ್ಲದೆ ಬರಗಾಲ, ಕೀಟ, ಕೊಡಲಿಗಳೂ ಇರುವವು. ಆದರೆ ಆ ಗಿಡದ ಚೀಟಿಯನ್ನು ಕೊಂಡು ಕಾರಖಾನೆಯು ಬಿಟ್ಟ ಹೊಗೆಯಾದರೋ ಮರಳಿ ಬರತಕ್ಕದ್ದಲ್ಲ. ಈ ಶತಮಾನದಲ್ಲಿ ನಾವು ಬಿಟ್ಟ ವಾಯುವಿನಲ್ಲಿ ನೂರಕ್ಕೆ 15ರಿಂದ 40 ಪಾಲು ಸಾವಿರ ವರ್ಷಗಳ ಆಚೆಗೂ ಆಕಾಶದಲ್ಲಿಯೇ ಇರುವದೆಂದು ಹವಾಮಾನದ ವಿಜ್ಞಾನಿಗಳ ಅಂತರರಾಷ್ಟ್ರೀಯ ಮಂಡಳಿಯು ಹೇಳಿರುವದು. ಒಂದು ತಟ್ಟೆಯಲ್ಲಿ ಸಾವಿರ ವರ್ಷದ ಹೊಗೆ, ಇನ್ನೊಂದು ತಟ್ಟೆಯಲ್ಲಿ ನಲವತ್ತು ವರ್ಷದ ಗಿಡ. ಇವೆರಡನ್ನೂ ಸಮವೆಂದು ಬರೆಯುವದು ಹೇಗೆ? ಇದೇ ಶಾಶ್ವತತೆಯ ತೊಡಕು.

ಈ ತೊಡಕು ನಮಗೆ ಹೊಸದೆಂದು ತಿಳಿಯಬಾರದು. ಸವದತ್ತಿಯು ಸುಗಂಧವರ್ತಿಯೆನಿಸಿ ರಟ್ಟರ ರಾಜಧಾನಿಯಾಗಿದ್ದ ಕಾಲದಲ್ಲಿ ದೇವಾಲಯಗಳಿಗೂ ಬಸದಿಗಳಿಗೂ ಭೂಮಿಯನ್ನು ದತ್ತಿ ಬಿಡುವ ರೂಢಿಯಿದ್ದಿತು. ಆ ಕಾಲದ ದಾನಶಾಸನಗಳಲ್ಲಿ 'ಆಚಂದ್ರಾರ್ಕ'ವೆಂಬ ಮಾತು ಮತ್ತೆ ಮತ್ತೆ ಬರುವದು. ಚಂದ್ರಸೂರ್ಯರು ಇರುವ ವರೆಗೆ ಈ ದಾನವು ನಡೆಯತಕ್ಕದ್ದೆಂದು ಅದರ ಅರ್ಥ. ಶಾಸನದ ಕಲ್ಲಿನ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೆತ್ತುವದೂ ಇದಕ್ಕಾಗಿಯೇ. ಆದರೆ ಬರೆಯಿಸಿದವರು ಮುಗ್ಧರಾಗಿರಲಿಲ್ಲ. ಮುಂದಿನ ಅರಸನು ಕಸಿದುಕೊಳ್ಳಬಹುದು, ಮಕ್ಕಳೇ ತಿರುಗಿ ಪಡೆಯಲು ಹೋಗಬಹುದು ಎಂಬದು ಅವರಿಗೆ ಗೊತ್ತಿದ್ದಿತು. ಆದುದರಿಂದಲೇ ಶಾಸನದ ತುದಿಯಲ್ಲಿ ಶಾಪವನ್ನು ಬರೆಯಿಸುವರು: ದತ್ತವಾದ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುವನು. ಅದರ ಜೊತೆಯಲ್ಲಿಯೇ ಇನ್ನೊಂದು ಧರ್ಮವಚನದ ತಾತ್ಪರ್ಯವನ್ನೂ ಕಾಣುವೆವು: ಕೊಡುವದು, ಕೊಟ್ಟದ್ದನ್ನು ಪಾಲಿಸುವದು ಇವೆರಡರಲ್ಲಿ ಪಾಲಿಸುವದೇ ಶ್ರೇಷ್ಠ.

ಈ ಒಂದು ತಾತ್ಪರ್ಯವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಇಂಗಾಲದ ಪೇಟೆಯ ತೊಡಕೆಲ್ಲ ಬಿಡಿಸಿದಂತಾಗುವದು. ಗಿಡವನ್ನು ಹಚ್ಚುವದು ದಾನ. ಅದನ್ನು ನಿಲ್ಲಿಸಿಕೊಳ್ಳುವದು ಪಾಲನೆ. ಪೇಟೆಯು ಹಚ್ಚಿದ್ದಕ್ಕೆ ಬೆಲೆ ಕಟ್ಟಲು ಬೇಗನೆ ಕಲಿತಿತು. ಪಾಲಿಸಿದ್ದಕ್ಕೆ ಬೆಲೆ ಕಟ್ಟಲು ಇನ್ನೂ ಕಲಿಯುತ್ತಿರುವದು. ಅದು ಇಂದಿನ ವರೆಗೆ ಹೂಡಿದ ಉಪಾಯಗಳು ಮುಖ್ಯವಾಗಿ ಮೂರು.

ಮೊದಲನೆಯದು ಕಡದ ಉಪಾಯ. 2003ರ ಡಿಸೆಂಬರದಲ್ಲಿ ಇಟಲಿಯ ಮಿಲಾನ ಪಟ್ಟಣದಲ್ಲಿ ಸೇರಿದ ರಾಷ್ಟ್ರಗಳ ಸಭೆಯು, ಗಿಡದ ಜಮೆಗೆ ಆಯುಷ್ಯವನ್ನು ಕಟ್ಟತಕ್ಕದ್ದೆಂದು ನಿರ್ಣಯಿಸಿತು. ಅಂದರೆ ಚೀಟಿಯು ಶಾಶ್ವತವಾದದ್ದಲ್ಲ. ಗೊತ್ತಾದ ಅವಧಿ ತೀರಿದೊಡನೆ ಅದು ಸಾಯುವದು, ಕೊಂಡವನು ಬೇರೆ ಚೀಟಿಯನ್ನು ತಂದು ಆ ಸ್ಥಾನವನ್ನು ತುಂಬಬೇಕು. ನೆರೆಮನೆಯಿಂದ ಕಡ ತಂದ ಎತ್ತಿನಂತೆ ಇದು. ಉಳುಮೆಯಾಗುವ ತನಕ ನಮ್ಮದು, ಆ ಮೇಲೆ ತಿರುಗಿ ಕೊಡತಕ್ಕದ್ದು. ನಮ್ಮ ದೇಶದಲ್ಲಿ ಈ ನಿಯಮದ ಕೆಳಗೆ ಮೊದಲು ನೋಂದಣಿಯಾದ ಅರಣ್ಯಯೋಜನೆಯು ಹರಿಯಾಣದ ಸಿರ್ಸಾ ಜಿಲ್ಲೆಯದು. ಮರಳು ಮುಚ್ಚಿದ ರೈತರ ಸ್ವಂತ ಹೊಲಗಳು ಸುಮಾರು 370 ಹೆಕ್ಟೇರು, ವರ್ಷ 2009. ಧರ್ಮದ ದೃಷ್ಟಿಯಿಂದ ಈ ಲೆಕ್ಕವು ಮೂರರಲ್ಲಿ ಅತ್ಯಂತ ಪ್ರಾಮಾಣಿಕವಾದದ್ದೆಂದು ನನ್ನ ಅಭಿಪ್ರಾಯ. ಇದ್ದಷ್ಟು ದಿನಕ್ಕೆ ಮಾತ್ರ ಜಮೆ, ಸುಳ್ಳಿಗೆ ಎಡೆಯಿಲ್ಲ. ಆದರೆ ವ್ಯಾಪಾರದ ದೃಷ್ಟಿಯಿಂದ ಇದು ನೆಲಕಚ್ಚಿತು. ಸಾಯುವ ಚೀಟಿಯನ್ನು ಕೊಳ್ಳುವವರು ವಿರಳ. ಯುರೋಪಿನ ದೊಡ್ಡ ಪೇಟೆಯು ಅದನ್ನು ಒಳಗೆ ಬಿಡಲೇ ಇಲ್ಲ. ಆ ವಿಶ್ವಯೋಜನೆಯಲ್ಲಿ ನೋಂದಾಯಿತವಾದ ಸಾವಿರಾರು ಕೆಲಸಗಳಲ್ಲಿ ಗಿಡ ಹಚ್ಚುವ ಕೆಲಸಗಳು ನೂರಕ್ಕೆ ಒಂದೂ ಆಗಲಿಲ್ಲ.

ಎರಡನೆಯದು ಹಗೇವಿನ ಉಪಾಯ. ನಮ್ಮ ಹಿರಿಯರು ಸುಗ್ಗಿಯ ಜೋಳವನ್ನೆಲ್ಲ ಪೇಟೆಗೆ ಹಾಕದೆ ಒಂದು ಪಾಲನ್ನು ನೆಲದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬರದ ವರುಷ ಅದನ್ನು ತೆರೆಯುವರು. ಇಲ್ಲಿಯೂ ಹಾಗೆಯೇ. ಪ್ರತಿಯೊಂದು ಯೋಜನೆಯವರು ತಮ್ಮ ಜಮೆಯಲ್ಲಿ ಒಂದು ಪಾಲನ್ನು, ಅಪಾಯವಿದ್ದಷ್ಟು ಹೆಚ್ಚಾಗಿ, ಮಾರದೆ ಸಾಮಾನ್ಯ ನಿಧಿಯಲ್ಲಿಡಬೇಕು. ಎಲ್ಲಿಯಾದರೂ ಕಾಡು ಸುಟ್ಟರೆ ಸುಟ್ಟಷ್ಟನ್ನು ಆ ನಿಧಿಯಿಂದ ರದ್ದು ಮಾಡುವರು. ಕೊಂಡವನ ಚೀಟಿಗೆ ಧಕ್ಕೆಯಿಲ್ಲ. ವಾಷಿಂಗ್ಟನ್ನಿನ ವೆರ್ರಾ ಎಂಬ ಸಂಸ್ಥೆಯು ನಡೆಯಿಸುವ ದೊಡ್ಡ ಪದ್ಧತಿಯು ಈ ಬಗೆಯದು. ಅದರಲ್ಲಿ ಗಿಡದ ಯೋಜನೆಯನ್ನು ಹಿಂದೆ 30 ವರ್ಷಕ್ಕೆ ಕಡಿಮೆಯಿಲ್ಲದಂತೆ ನಡೆಯಿಸಬೇಕಿತ್ತು, ಈಗ 40 ವರ್ಷ. ಅಮೇರಿಕದ ಕ್ಯಾಲಿಫೋರ್ನಿಯ ಸಂಸ್ಥಾನವು 2013ರಲ್ಲಿ ಆರಂಭಿಸಿದ ಪೇಟೆಯಲ್ಲಿ ಕಾಡಿನ ಇಂಗಾಲವನ್ನು 100 ವರ್ಷ ಕಾಯಬೇಕೆಂಬ ನಿಯಮವಿರುವದು. ಅಲ್ಲಿಯೂ ಹಗೇವು ಉಂಟು.

ಹಗೇವಿನ ಗುಣವೂ ದೋಷವೂ ಒಕ್ಕಲಿಗನಿಗೆ ಹೇಳಿಕೊಡಬೇಕಾದದ್ದಿಲ್ಲ. ಒಂದು ಹೊಲಕ್ಕೆ ಕೀಡೆ ಬಿದ್ದರೆ ಊರ ಹಗೇವು ಅವನನ್ನು ಬದುಕಿಸುವದು. ಊರಿಗೆ ಊರೇ ಒಣಗಿದರೆ ಹಗೇವು ಎಷ್ಟು ದಿನ? ಕ್ಯಾಲಿಫೋರ್ನಿಯದ ಲೆಕ್ಕಕ್ಕೆ ಸೇರಿದ ಕಾಡುಗಳು ನೆರೆಯ ಓರೆಗಾನ್ ಮುಂತಾದ ಸಂಸ್ಥಾನಗಳಲ್ಲಿಯೂ ಇರುವವು. 2021ರ ಬೇಸಿಗೆಯಲ್ಲಿ ಓರೆಗಾನಿನಲ್ಲಿ ಎದ್ದ ಬೂಟ್‌ಲೆಗ್ ಎಂಬ ಕಾಡುಗಿಚ್ಚು ನಾಲ್ಕು ಲಕ್ಷ ಎಕರೆಗೂ ಮಿಕ್ಕಿ ಸುಟ್ಟಿತು. ಜಮೆಯ ಲೆಕ್ಕದ ಕಾಡೂ ಅದರಲ್ಲಿ ಸಿಕ್ಕಿತು. ಮರುವರ್ಷ, 2022ರಲ್ಲಿ, ವಿದ್ವಾಂಸರು ಪ್ರಕಟಿಸಿದ ಪರಿಶೋಧನೆಯ ಪ್ರಕಾರ, ನೂರು ವರ್ಷಗಳ ಬೆಂಕಿಗಳಿಗೆಂದು ಆ ಹಗೇವಿನಲ್ಲಿ ತೆಗೆದಿಟ್ಟ ಪಾಲಿನಲ್ಲಿ ನೂರಕ್ಕೆ 95ಕ್ಕೆ ಕಡಿಮೆಯಿಲ್ಲದಷ್ಟನ್ನು ಹತ್ತು ವರ್ಷಗಳೊಳಗಿನ ಬೆಂಕಿಗಳೇ ತಿಂದು ಮುಗಿಸಿದ್ದವು. ನಮ್ಮ ನಾಡನ್ನೇ ನೋಡಿದರೆ, 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಕಷ್ಟವು ಒಬ್ಬೊಬ್ಬರಿಗೆ ಬೇರೆ ಬೇರೆ ಕಾಲದಲ್ಲಿ ಬರುವದೆಂಬ ನಂಬಿಗೆಯ ಮೇಲೆ ಕಟ್ಟಿದ ನಿಧಿಯು, ಎಲ್ಲರಿಗೂ ಒಮ್ಮೆಲೇ ಕಷ್ಟ ಬಂದಾಗ ತಡೆದುಕೊಳ್ಳುವದು ಕಠಿಣ. ತಾಪವು ಏರಿದಷ್ಟೂ ಇಂಥ ವರ್ಷಗಳು ಹೆಚ್ಚುವವು. ಅದಕ್ಕೆ ತಕ್ಕಂತೆ ಹಗೇವಿನ ಪಾಲನ್ನೂ ಹೆಚ್ಚಿಸಬೇಕಾಗುವದು.

ಮೂರನೆಯದು ಮುರಿದುಕೊಳ್ಳುವ ಉಪಾಯ. ಆಸ್ಟ್ರೇಲಿಯದಲ್ಲಿ 2011ರ ಕಾಯಿದೆಯ ಮೇಲೆ ನಡೆದ ಪದ್ಧತಿಯಲ್ಲಿ ಭೂಮಿಯ ಒಡೆಯನು 100 ವರ್ಷದ ಕರಾರನ್ನಾದರೂ 25 ವರ್ಷದ ಕರಾರನ್ನಾದರೂ ಆರಿಸಿಕೊಳ್ಳಬಹುದು. 25 ವರ್ಷವೆಂದರೆ ಜಮೆಯಲ್ಲಿ ನೂರಕ್ಕೆ 20 ಮುರಿದುಕೊಳ್ಳುವರು. ಇದಲ್ಲದೆ ಎಲ್ಲರಿಂದಲೂ ನೂರಕ್ಕೆ 5ನ್ನು ಅಪಾಯಕ್ಕೆಂದು ಹಿಡಿಯುವರು. ವಿದ್ವಾಂಸರು ಈ ಮಾರ್ಗವನ್ನು ಇನ್ನೂ ಸೂಕ್ಷ್ಮಗೊಳಿಸಿ 'ಟನ್ನು-ವರ್ಷ'ವೆಂಬ ಮಾನವನ್ನು ಕಲ್ಪಿಸಿರುವರು. ಒಂದು ಟನ್ನನ್ನು ಒಂದು ವರ್ಷ ಹಿಡಿದಿಟ್ಟರೆ ಒಂದು ಟನ್ನು-ವರ್ಷ. ಇಂಥವು ಸುಮಾರು 46 ಅಥವಾ 55 ಕೂಡಿದರೆ, ಲೆಕ್ಕ ಹಾಕುವ ರೀತಿಗೆ ತಕ್ಕಂತೆ, ಒಂದು ಟನ್ನಿನ ಪೂರ್ಣ ಜಮೆಯೆಂದು 2000ನೆಯ ಇಸವಿಯ ಸುಮಾರಿಗೆ ಪ್ರಸ್ತಾಪವಾಯಿತು. ನೋಡಲು ಇದು ಬಡ್ಡಿಯ ಲೆಕ್ಕದಂತೆ ಅಚ್ಚುಕಟ್ಟಾಗಿರುವದು. ಆದರೆ ನೂರು ವರ್ಷಗಳ ಆಚೆಗೆ ನಾವು ನೋಡುವದೇ ಇಲ್ಲವೆಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಈ ಗಣಿತವು ಕೂಡುವದು. ಆಕಾಶಕ್ಕೆ ಅಂಥ ಒಪ್ಪಂದವು ಗೊತ್ತಿಲ್ಲ. ಗಿಡವು ಹೋದ ದಿನ ವಾಯುವು ಮತ್ತೆ ಮೇಲಕ್ಕೆ ಹೋಗಿ, ಕೊಂಡವನ ಹೊಗೆಯ ಪಕ್ಕದಲ್ಲಿಯೇ ಕೂಡುವದು.

ಇನ್ನು ನಿಜವಾಗಿಯೂ ಆಚಂದ್ರಾರ್ಕದ ಸಮೀಪಕ್ಕೆ ಬರುವ ಸಂಗ್ರಹವೊಂದುಂಟು. ಅದು ಕಲ್ಲಿನಲ್ಲಿ ಮಾಡುವಂಥಾದ್ದು. ಐಸ್‌ಲ್ಯಾಂಡ್ ದ್ವೀಪದಲ್ಲಿ 2012ರಲ್ಲಿ ಈ ವಾಯುವನ್ನು ನೀರಿನಲ್ಲಿ ಕರಗಿಸಿ ನೆಲದಾಳದ ಕಪ್ಪು ಅಗ್ನಿಶಿಲೆಯೊಳಗೆ ಇಳಿಸಿದರು. ಎರಡು ವರ್ಷಗಳೊಳಗೆ ನೂರಕ್ಕೆ 95ರಷ್ಟು ಸುಣ್ಣಗಲ್ಲಿನಂಥ ಖನಿಜವಾಗಿ ಗಟ್ಟಿಯಾಯಿತೆಂದು 2016ರಲ್ಲಿ ವರದಿಯಾಯಿತು. ನಮ್ಮ ಬೆಳಗಾವಿ ಜಿಲ್ಲೆಯ ಉತ್ತರ ಭಾಗಕ್ಕೆ ಹಬ್ಬಿರುವ ದಖ್ಖನದ ಕಪ್ಪುಕಲ್ಲು ಕೂಡ ಅದೇ ಬಸಾಲ್ಟ್ ಜಾತಿಯದು. ಆದರೆ ಅಂಥ ಕೆಲಸವು ಯಂತ್ರ, ನೀರು, ಹಣಗಳನ್ನು ಬಹಳವಾಗಿ ಬೇಡುವದು. ಗೃಹಸ್ಥನ ಕೈಗೆ ಬರತಕ್ಕದ್ದಲ್ಲ. ನಮ್ಮ ಕೈಯಲ್ಲಿರುವದು ಗಿಡವೇ. ಹೀಗಿರುವಲ್ಲಿ ಗಿಡವು ಏತರಿಂದ ಉಳಿಯುವದು, ಏತರಿಂದ ಹೋಗುವದು ಎಂಬದನ್ನೇ ವಿಚಾರಿಸತಕ್ಕದ್ದು.

ಗಿಡದ ವೈರಿಗಳೆಂದು ಬೆಂಕಿ ಬರಗಳನ್ನು ಎಲ್ಲರೂ ಎಣಿಸುವರು. ಅವುಗಳಿಗಿಂತ ಹೆಚ್ಚಿನದು ಪಾಲಕನಿಗೂ ಗಿಡಕ್ಕೂ ಸಂಬಂಧವಿಲ್ಲದಿರುವಿಕೆ. ಇದಕ್ಕೆ ನಮ್ಮ ಸೀಮೆಯ ಉದಾಹರಣೆಯನ್ನೇ ಕೊಡುವೆನು. 1984ರಲ್ಲಿ ಸರಕಾರವೂ ಒಂದು ಕಾರಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿ, ಹಳ್ಳಿಗಳ ಸುಮಾರು 30,000 ಹೆಕ್ಟೇರು ಸಾಮಾನ್ಯ ಭೂಮಿಯಲ್ಲಿ ನೀಲಗಿರಿಯನ್ನು ಬೆಳೆಯುವದೆಂದು ಗೊತ್ತುಮಾಡಿದರು. ದನಕ್ಕೆ ಮೇವು, ಒಲೆಗೆ ಪುಳ್ಳೆ ಕೊಡುತ್ತಿದ್ದ ನೆಲವು ಹೋಯಿತೆಂದು ಜನರು ಎದ್ದರು. 1987ರ ನವೆಂಬರ 14ರಂದು, ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ, 'ಕಿತ್ತಿಕೋ-ಹಚ್ಚಿಕೋ' ಎಂಬ ಸತ್ಯಾಗ್ರಹವನ್ನು ಹೂಡಿ, ನೀಲಗಿರಿಯ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. 1991ರಲ್ಲಿ ಆ ಕಂಪನಿಯೇ ಮುಚ್ಚಿಹೋಯಿತು. ಅಷ್ಟೇ ಅಲ್ಲ, ಒಂದು ಕಾಲಕ್ಕೆ ಸಾಮಾಜಿಕ ಅರಣ್ಯವೆಂದು ಸರಕಾರವೇ ಹಂಚಿದ ನೀಲಗಿರಿಯನ್ನು, ಅಂತರ್ಜಲಕ್ಕೆ ಕೇಡೆಂದು, 2017ರಲ್ಲಿ ಸರಕಾರವೇ ಹೊಸದಾಗಿ ಹಚ್ಚಬಾರದೆಂದು ನಿಷೇಧಿಸಿತು. ಆ ಗಿಡಗಳ ಮೇಲೆ ಯಾರಾದರೂ ನೂರು ವರ್ಷದ ಚೀಟಿಯನ್ನು ಬರೆದಿದ್ದರೆ ಏನಾಗುತ್ತಿದ್ದಿತೆಂಬದನ್ನು ವಾಚಕರೇ ಊಹಿಸಿಕೊಳ್ಳಬೇಕು. ಬೆಂಕಿಯ ಅಪಾಯವನ್ನು ನೂರಕ್ಕೆ ಇಷ್ಟೆಂದು ಅಳೆಯಬಹುದು. ಕೇಳದೆ ಹೇರಿದ ಗಿಡದ ಮೇಲೆ ಜನರಿಗಿರುವ ಸಿಟ್ಟನ್ನು ಯಾವ ಕೋಷ್ಟಕದಲ್ಲಿ ಬರೆಯುವದು?

ಇದಕ್ಕೆ ಪ್ರತಿಯಾಗಿ ಉಳಿದ ವಸ್ತುವಿನ ಉದಾಹರಣೆಯೊಂದು ನಮ್ಮ ತಾಲೂಕಿನಲ್ಲಿಯೇ ಇರುವದು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟರು. ಅವರು ಹೋಗಿ ನೂರು ವರ್ಷಗಳ ಮೇಲಾದರೂ ಅವರ ಹೆಸರಿನ ದತ್ತಿಯಿಂದ ಓದಿದವರು ನಮ್ಮ ಸುತ್ತಲೂ ಇರುವರು. ಅದು ಉಳಿದದ್ದೇಕೆ? ಅದಕ್ಕೆ ಪಾಲಕರೆಂದು ಗೊತ್ತಾದ ಜನರಿದ್ದರು. ಪ್ರತಿ ವರ್ಷವೂ ಉತ್ಪನ್ನ ಬರುತ್ತಿದ್ದಿತು. ಆ ಉತ್ಪನ್ನದಿಂದ ಬದುಕಿದವರಿಗೆ ಮೂಲವು ಉಳಿಯಬೇಕೆಂಬ ಆಸ್ಥೆಯಿದ್ದಿತು. ಶಾಪದ ಹೆದರಿಕೆಗಿಂತ ವರ್ಷವರ್ಷದ ಫಲವು ಹೆಚ್ಚು ಬಲವಾದ ಕಾವಲುಗಾರನು.

ಈಗ ನನ್ನ ವಿದ್ಯಾರ್ಥಿಯ ಕಾಗದಕ್ಕೆ ಬರುವೆನು. ಅದರಲ್ಲಿ ನಾಲ್ಕು ಸಂಗತಿಗಳು ನನ್ನ ಕಣ್ಣಿಗೆ ಬಿದ್ದವು. ಕರಾರು ನಲವತ್ತು ವರ್ಷ, ಹಾಗೂ ವಾರಸುದಾರರ ಮೇಲೆಯೂ ಬಂಧನ. ಒಪ್ಪಿಗೆಯಿಲ್ಲದೆ ಗಿಡ ಕಡಿಯಕೂಡದು. ಜಮೆಯಲ್ಲಿ ಒಂದು ಪಾಲು ಸಾಮಾನ್ಯ ನಿಧಿಗೆ. ಅದು ಎಂದು, ಯಾರಿಗೆ ತಿರುಗಿ ಬರುವದೆಂಬದು ಸ್ಪಷ್ಟವಿಲ್ಲ. ಹಣವು ಮೊದಲ ಹತ್ತು ವರ್ಷಗಳಲ್ಲಿಯೇ ಬಹ್ವಂಶ ಸಂದಾಯವಾಗುವದು. ಉಳಿದ ಮೂವತ್ತು ವರ್ಷ ಕಾಯುವ ಕೆಲಸ ಮಾತ್ರ. ದಾನಕ್ಕೆ ಬೆಲೆಯಿದ್ದು ಪಾಲನೆಗೆ ಬೆಲೆಯಿಲ್ಲದ ಕರಾರು ಇದೆಂದು ನನಗೆ ಅನಿಸಿತು.

ನಾನು ಅವನನ್ನು ಕೇಳಿದೆನು: "ತಮ್ಮಾ, ನಿನಗೆ ಈಗ ವಯಸ್ಸು ಎಷ್ಟು?"

"ನಲವತ್ತಾರರಿ."

"ಕರಾರು ಮುಗಿಯುವಾಗ ಎಂಬತ್ತಾರು. ಅಷ್ಟರಲ್ಲಿ ಇಬ್ಬರು ಮಕ್ಕಳಿಗೆ ಹೊಲ ಪಾಲಾಗಿರುವದು. ಬದು ಯಾರ ಪಾಲಿಗೆ?"

ಅವನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, "ನಮ್ಮಪ್ಪ ಅಕ್ಕನ ಮದಿವಿಗೆ ಎರಡ ಬೇವಿನ ಗಿಡಾ ಕಡದು ಮಾರಿದ್ದರಿ. ನನ್ನ ಮಗಳ ಮದಿವಿ ಇನ್ನೂ ಆಗಬೇಕು," ಎಂದನು. ಶಾಶ್ವತತೆಯ ಮೇಲೆ ನಾನು ಎರಡು ತಿಂಗಳು ಓದಿದ್ದೆಲ್ಲವೂ ಅವನ ಈ ಒಂದು ಮಾತಿನಲ್ಲಿ ಅಡಗಿದ್ದಿತು. ಒಕ್ಕಲಿಗನಿಗೆ ಬದುವಿನ ಗಿಡವು ಕಷ್ಟಕಾಲದ ಗಂಟು. ಆ ಗಂಟನ್ನು ನಲವತ್ತು ವರ್ಷ ಬಿಚ್ಚುವದಿಲ್ಲವೆಂದು ಬರೆದುಕೊಡುವವನಿಗೆ, ಬಿಚ್ಚದೆ ಇದ್ದುದಕ್ಕಾಗಿ ವರ್ಷವರ್ಷವೂ ಏನಾದರೂ ಸಿಗಲೇಬೇಕು. ಇಲ್ಲವಾದರೆ ಕರಾರು ಮುರಿಯುವದು. ಮುರಿದವನನ್ನು ಬೈದು ಪ್ರಯೋಜನವಿಲ್ಲ.

ಆ ದಿನ ಅವನು ಸಹಿ ಮಾಡಲಿಲ್ಲ. ನಾವಿಬ್ಬರೂ ಕೂಡಿ ಕನ್ನಡದಲ್ಲಿ ಕೆಲವು ಪ್ರಶ್ನೆಗಳನ್ನು ಬರೆದು ಕಳಿಸಿದೆವು. ಅವುಗಳನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಹೇಳುವೆನು. ಕರಾರಿನ ಕನ್ನಡದ ಪ್ರತಿಯು ಸಿಗುವದೋ, ವ್ಯಾಜ್ಯವಾದರೆ ಅದಕ್ಕೆ ಮಾನ್ಯತೆಯುಂಟೋ? ಹೊಲ ಮಾರಿದರೆ ಅಥವಾ ಪಾಲಾದರೆ ಹೊಣೆ ಯಾರದು, ಉತಾರದಲ್ಲಿ ಅದರ ನೋಂದಣಿಯಾಗುವದೋ? ಬರದಿಂದಾಗಲಿ ಬೆಂಕಿಯಿಂದಾಗಲಿ ಗಿಡ ಸತ್ತರೆ ತೆಗೆದುಕೊಂಡ ಹಣವನ್ನು ತಿರುಗಿ ಕೊಡಬೇಕೋ, ಅಥವಾ ನಿಧಿಯು ಹೊರುವದೋ? ನಾವಾಗಿ ಕಡಿದರೆ ದಂಡವೆಷ್ಟು? ನಿಧಿಗೆ ಹಿಡಿದ ಪಾಲು ಎಷ್ಟು, ಕರಾರು ಸರಿಯಾಗಿ ನಡೆದರೆ ಕೊನೆಗೆ ಅದು ರೈತನಿಗೆ ಬರುವದೋ? ಗಿಡಗಳನ್ನು ಅಳೆಯುವ ಖರ್ಚು ಯಾರದು? ಹಣವು ನಲವತ್ತು ವರ್ಷಕ್ಕೂ ಹಂಚಿ ಬರುವದೋ, ಮೊದಲಿಗೆ ಬಂದು ನಿಲ್ಲುವದೋ? ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡುವವರೊಡನೆ ವ್ಯವಹಾರ ಮಾಡತಕ್ಕದ್ದು, ಬಾಯಿಮಾತಿನವರೊಡನೆ ಸಲ್ಲದು.

ಎರಡು ಪ್ರಶ್ನೆಗಳಿಗೆ ಉತ್ತರ ಬಂದಿರುವದು; ಉಳಿದವು ಇನ್ನೂ ಬರಬೇಕು. ಅಷ್ಟರಲ್ಲಿ ನನ್ನ ವಿದ್ಯಾರ್ಥಿಯು ತನ್ನದೇ ಒಂದು ನಿರ್ಣಯ ಮಾಡಿಕೊಂಡನು. ದಕ್ಷಿಣದ ಬದುವಿನ ಮೇಲೆ ಬೇವು, ಹೆಬ್ಬೇವುಗಳನ್ನು ಹಚ್ಚಿ ಅವುಗಳನ್ನು ಯಾವ ಕರಾರಿಗೂ ಸೇರಿಸದೆ ಮನೆಯ ಕಷ್ಟಕ್ಕೆ ಇಟ್ಟುಕೊಳ್ಳುವದು. ಪಶ್ಚಿಮದ ಬದುವಿನ ಮೇಲೆ ಹುಣಸೆ, ಮಾವುಗಳನ್ನು ಹಚ್ಚಿ, ಉತ್ತರಗಳು ಸರಿಯಾಗಿ ಬಂದರೆ ಅವುಗಳನ್ನು ಮಾತ್ರ ಕರಾರಿಗೆ ಕೊಡುವದು. "ಹುಣಸಿ ಯಾರೂ ಕಡ್ಯಾಂಗಿಲ್ಲರಿ, ವರ್ಷಾ ಹಣ್ಣ ಕೊಡತೈತಿ," ಎಂಬದು ಅವನ ನ್ಯಾಯ. ಕಡಿದಾಗ ಬರುವ ಬೆಲೆಗಿಂತ ನಿಂತಾಗ ಬರುವ ಫಲವು ಹೆಚ್ಚಾಗಿದ್ದರೆ ಗಿಡವು ತಾನಾಗಿಯೇ ಉಳಿಯುವದೆಂಬ ಅರ್ಥಶಾಸ್ತ್ರವನ್ನು ಅವನು ನನ್ನಿಂದ ಕಲಿತದ್ದಲ್ಲ.

ನಮ್ಮ ದೇಶದಲ್ಲಿಯೂ 2022ರ ಇಂಧನ ಸಂರಕ್ಷಣೆಯ ತಿದ್ದುಪಡಿ ಕಾಯಿದೆಯನ್ನು ಆಧರಿಸಿ, 2023ರ ಜೂನ್ ತಿಂಗಳಲ್ಲಿ ಇಂಗಾಲದ ಜಮೆಯ ವ್ಯಾಪಾರದ ಯೋಜನೆಯನ್ನು ಕೇಂದ್ರಸರಕಾರವು ಪ್ರಕಟಿಸಿರುವದು. ನಿಯಮಗಳನ್ನು ಬರೆಯುವವರಿಗೆ ನನ್ನಂಥ ಮುದುಕನು ಹೇಳತಕ್ಕದ್ದು ಹೆಚ್ಚೇನೂ ಇಲ್ಲ. ಗಿಡದ ಜಮೆಯನ್ನು ಕಲ್ಲಿದ್ದಲಿನ ಹೊಗೆಗೆ ಸರಿಯೆಂದು ಬರೆಯುವ ಮೊದಲು ಅದರ ಆಯುಷ್ಯವನ್ನು ಚೀಟಿಯ ಮೇಲೆಯೇ ಬರೆಯಲಿ. ಹಗೇವಿನ ಪಾಲನ್ನು ನಿನ್ನೆಯ ಬರಗಳನ್ನು ನೋಡಿ ಗೊತ್ತುಮಾಡದೆ ನಾಳಿನ ಬರಗಳನ್ನು ನೆನೆದು ಗೊತ್ತುಮಾಡಲಿ. ಹಣದಲ್ಲಿ ದೊಡ್ಡ ಪಾಲು ಹಚ್ಚಿದ ದಿನಕ್ಕಲ್ಲ, ಕಾದ ವರ್ಷಗಳಿಗೆ ಸಲ್ಲಲಿ.

ಗೃಹಸ್ಥರಿಗೆ ಹೇಳತಕ್ಕದ್ದು ಇಷ್ಟೇ. ಗಿಡ ಹಚ್ಚುವದನ್ನು ಬಿಡಬೇಡಿರಿ. ನೆರಳು, ಹಣ್ಣು, ಮಣ್ಣಿನ ತಂಪುಗಳು ಯಾವ ಪೇಟೆಯ ಚೀಟಿಯಿಲ್ಲದೆಯೂ ನಿಮ್ಮವೇ. ಆದರೆ ಕಾಗದಕ್ಕೆ ಸಹಿ ಹಾಕುವ ಮುಂಚೆ, ಮನೆಯವರನ್ನೂ ಮಕ್ಕಳನ್ನೂ ಕೂಡಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿಸಿರಿ. ಪಾಲನೆ ಮಾಡತಕ್ಕವರು ಅವರು; ಅವರನ್ನು ಕೇಳದೆ ಕೊಟ್ಟ ದಾನವು ಆಚಂದ್ರಾರ್ಕವಿರಲಿ, ಮುಂದಿನ ಲಗ್ನಸರಾಯಿಯ ವರೆಗೂ ಉಳಿಯಲಾರದು.